ವಾರ ಹೇಳಿಸುವ ಮಿಸ್ರಿಯಾ

ಸುಳ್ಯ ಪೇಟೆಯ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಸರದಿ ಬರೆಯುವ ಮಿಸ್ರಿಯಾ, ಕಂಪ್ಯೂಟರಿನ ಅಡ್ಮಿನ್ ಪುಟದ ‘ಇಂದು’ ಬಟನ್ನನ್ನು ಕಾದ ಕಾವಲಿಯಂತೆ ಮುಟ್ಟುವುದೇ ಇಲ್ಲ. ಅದರ ಗಡಿಯಾರ ಯಾವುದೋ ದೇಶದ್ದು. ನಸುಕಿನಲ್ಲಿ ಒತ್ತಿದರೆ ನಿನ್ನೆಯ ತಾರೀಕು ಕೂರುತ್ತದೆ. ಅವಳು ಕೈಯಾರೆ ತಾರೀಕು ಹೊಡೆದು, ಪರದೆಯನ್ನು ಬಂದವರತ್ತ ತಿರುಗಿಸಿ, “ವಾರ ಯಾವುದು, ಬಾಯಿಬಿಟ್ಟು ಹೇಳಿ” ಎನ್ನುತ್ತಾಳೆ. ಮಂತ್ರಿ ಬಂದರೂ ಬಿಡಲಿಕ್ಕಿಲ್ಲ. ಹೆಂಡತಿ ವಸುಮತಿಯನ್ನು ಕರೆತರುವ ಯಜ್ಞೇಶ್ವರನಿಗೆ ಮೈಯೆಲ್ಲ ಉರಿಯುತ್ತಿತ್ತು. “ಎಂತ ಮಾರಾಯ್ತಿ, ನಂಗೆ ವಾರ ಗೊತ್ತಿಲ್ವಾ?” “ನಿಮಗೆ ಗೊತ್ತುಂಟು ಅಣ್ಣ, ಇದಕ್ಕೆ ಗೊತ್ತಿಲ್ಲ.” ಒಂದು ದಿನ ನಸುಕಿನ ಪಾಳಿಯವರು ಆ ಬಟನ್ ಒತ್ತಿದ್ದರಿಂದ ವಸುಮತಿಯ ಹೆಸರು ನಿನ್ನೆಗೆ ಜಾರಿ, ಅಂದಿನ ಪಟ್ಟಿಯಿಂದಲೇ ಮಾಯವಾಯಿತು. ಯಜ್ಞೇಶ್ವರ ಕೂಗಲು ಬಾಯಿ ತೆರೆಯುವ ಮೊದಲೇ ಮಿಸ್ರಿಯಾ, “ಅಕ್ಕ ಬರುದು ಗುರುವಾರ ಅಂತ ನೀವೇ ಬಾಯಿಬಿಟ್ಟು ಹೇಳಿದ್ದಲ್ವಾ? ಹಾಸಿಗೆ ಯಾರಿಗೂ ಕೊಡ್ಲಿಲ್ಲ” ಎಂದಳು. ಈಗ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ “ಗುರುವಾರ!” ಎಂದು ಗುಡುಗುತ್ತಾನೆ. ಕಾದು ಕುಳಿತವರೆಲ್ಲ ಬೆಚ್ಚಿಬೀಳುತ್ತಾರೆ. ಮಿಸ್ರಿಯಾ ಮಾತ್ರ ನಗುತ್ತಾ ಪರದೆ ತಿರುಗಿಸುತ್ತಾಳೆ.