ಮೂರು ಕಾಲಿನ ರೆಸಿಸ್ಟರ್

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಕಳೆದ ಶನಿವಾರ ಅಮೆರಿಕದ ಡಬ್ಲಿನ್‌ನಲ್ಲಿ, ವಸಂತಕ್ಕನ ಮಗಳ ಮನೆಯ ಊಟದ ಮೇಜಿನಿಂದ ಅದು ಎದ್ದಾಗ, ಮೊಮ್ಮಗಳು “ಅಜ್ಜಿ, ಇಟ್ ಸ್ಟಿಂಕ್ಸ್” ಎಂದು ಮೂಗು ಹಿಡಿದುಕೊಂಡು ಮಹಡಿಗೆ ಓಡಿದಳು. ಅಜ್ಜಿ ಮಾತ್ರ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಅವರಿಗೀಗ ಕಣ್ಣು ಕಾಣುವುದಿಲ್ಲ; ಬೆಳಕು ನೆರಳು ತಿಳಿದರೆ ಹೆಚ್ಚು. ಗುಂಡಿ ಒತ್ತಿದರೆ ಸಮಯ ಹೇಳುತ್ತಿದ್ದ ಅವರ ಗಡಿಯಾರ ಮೂಕವಾಗಿತ್ತು. ಅದನ್ನು ಬಿಚ್ಚಿ ಸರಿಮಾಡಲು ನನ್ನನ್ನು ಕರೆಸಿದ್ದರು.

ವಸಂತಕ್ಕ ಉಡುಪಿಯವರು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಸೇರಿದ ಪುಟ್ಟ ಕಂಪನಿಯೊಂದರಲ್ಲಿ ಅವರು ಟೆಕ್ನಿಷಿಯನ್. ನಾನೋ ಮೈಸೂರಿನಲ್ಲಿ ಓದಿದ ಇಂಜಿನಿಯರು, ಅಂದಮೇಲೆ ಎಲ್ಲ ತಿಳಿದವನು. ಅಲ್ಲಿನ ಬೋರ್ಡುಗಳ ಮೇಲೆ ಎಳ್ಳುಕಾಳಿನಷ್ಟು ಬಿಡಿಭಾಗಗಳು. ಹೆಸರು ಬರೆಯಲು ಜಾಗ ಸಾಲದೆ ಎರಡು ಮೂರು ಅಕ್ಷರಗಳ ಗುರುತನ್ನಷ್ಟೇ ಅಚ್ಚು ಹಾಕಿರುತ್ತಾರೆ. ಮೊದಲ ವಾರವೇ ಮೈಕ್ರೋಸ್ಕೋಪಿನಲ್ಲಿ 662K ಎಂಬುದನ್ನು ಕಂಡು, ಇದು 66ರ ಮುಂದೆ ಎರಡು ಸೊನ್ನೆ, ಆರು ಸಾವಿರದ ಆರುನೂರು ಓಮಿನ ರೆಸಿಸ್ಟರ್, K ಅಂದರೆ ಹತ್ತು ಪರ್ಸೆಂಟ್ ಹೆಚ್ಚುಕಮ್ಮಿ ಎಂದು ಠೀವಿಯಿಂದ ಪಾಠ ಮಾಡಿದೆ. ವಸಂತಕ್ಕ ಪೂರ್ತಿ ಕೇಳಿಸಿಕೊಂಡರು.

“ನಿಮ್ಮ ಮೈಸೂರಲ್ಲಿ ರೆಸಿಸ್ಟರಿಗೆ ಮೂರು ಕಾಲು ಉಂಟಾ ಮಾರಾಯ್ರೆ?”

ರೆಸಿಸ್ಟರಿಗೆ ಇರುವುದು ಎರಡೇ ಕಾಲು; ಅದು ವೋಲ್ಟೇಜು ಇಳಿಸುವ ರೆಗ್ಯುಲೇಟರ್ ಆಗಿತ್ತು. ಮೊದಲು ಕಾಲು ಎಣಿಸಬೇಕು, ಆಮೇಲೆ ಅಕ್ಕಪಕ್ಕ ಯಾರಿದ್ದಾರೆಂದು ನೋಡಬೇಕು, ಗುರುತು ಓದುವುದು ಕೊನೆಗೆ: ಇದು ವಸಂತಕ್ಕನ ಕ್ರಮ. ಏಕೆಂದರೆ ಒಂದೇ ಗುರುತನ್ನು ಒಂದೊಂದು ಕಂಪನಿ ಒಂದೊಂದು ಭಾಗಕ್ಕೆ ಹಾಕುತ್ತದೆ. ಮದುವೆ ಮನೆಯಲ್ಲಿ ಗುರುತಿಲ್ಲದವರನ್ನು ಯಾರ ಪಕ್ಕ ಕೂತಿದ್ದಾರೆ ಎಂದು ನೋಡಿ ಕಂಡುಹಿಡಿಯುವುದಿಲ್ಲವೇ, ಹಾಗೆ. ಅವರ ನೋಟ್‌ಬುಕ್ಕಿನ ತುಂಬ ಇಂಥ ಟಿಪ್ಪಣಿಗಳು, ದುಂಡು ಕನ್ನಡದಲ್ಲಿ. ಕಂಪ್ಯೂಟರಿನಲ್ಲಿ ಪಟ್ಟಿಯೇ ಇರುವಾಗ ಇದೇನು ಅಜ್ಜಿಕಾಲದ ವಿದ್ಯೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ನಗು ಒಂದು ದಿನ ಇಳಿಯಿತು. ಇಪ್ಪತ್ತು ಬೋರ್ಡುಗಳಲ್ಲಿ A1 ಎಂಬ ಗುರುತಿನ ಭಾಗ ಬದಲಿಸಬೇಕಿತ್ತು. ಪಟ್ಟಿ ನೋಡಿ ಡಯೋಡ್ ಎಂದೆ. ಪಕ್ಕದಲ್ಲಿ ತಂತಿ ಸುತ್ತಿದ ಕಾಯಿಲ್ ಇದೆ, ಇದು ಟ್ರಾನ್ಸಿಸ್ಟರ್ ಇದ್ದಹಾಗಿದೆ ಎಂದು ಅವರು ಎರಡು ಸಲ ಹೇಳಿದರು. ಇಂಜಿನಿಯರು ನೀವೋ ನಾನೋ ಎಂದು ಕೇಳಿಬಿಟ್ಟೆ. ಅವರು ಡಯೋಡನ್ನೇ ಕೂರಿಸಿದರು, ಕರೆಂಟು ಕೊಟ್ಟಾಗ ಇಪ್ಪತ್ತೂ ಸುಟ್ಟುಹೋದವು.

ಮೀಟಿಂಗಿನಲ್ಲಿ ಮ್ಯಾನೇಜರು ಯಾರು ಮಾಡಿದ್ದೆಂದು ಕೇಳಿದಾಗ ನಾನು ಮೇಜು ನೋಡುತ್ತ ಕೂತೆ. ವಸಂತಕ್ಕ ತಾನೇ ಹಾಕಿದ್ದೆಂದರು. ಅವರನ್ನು ಮೈಕ್ರೋಸ್ಕೋಪಿನಿಂದ ಎಬ್ಬಿಸಿ ಎಂಟು ತಿಂಗಳು ಪ್ಯಾಕಿಂಗಿಗೆ ಹಾಕಿದರು. ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಿದ್ದರು. ಆಯ್ತು ಎನ್ನುತ್ತಿದ್ದೆ. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲು ನನಗೆ ಹದಿನೆಂಟು ವರ್ಷ ಧೈರ್ಯ ಬರಲಿಲ್ಲ.

ಶನಿವಾರ ಗಡಿಯಾರದ ಬೋರ್ಡಿಗೆ ಭೂತಗನ್ನಡಿ ಹಿಡಿದಾಗ ವಸಂತಕ್ಕ ಕೇಳಿದರು: “ಎಂತ ಬರ್ದುಂಟು?”

“662K.”

“ಎಷ್ಟು ಓಮ್?”

ಇಬ್ಬರೂ ನಕ್ಕೆವು. ನಗುತ್ತಲೇ ಅವರ ಮುಖ ನೋಡಿದೆ. ನೋಟ ಗೋಡೆಯ ಕಡೆಗಿತ್ತು. ಈ ಕಣ್ಣು ಚೆನ್ನಾಗಿದ್ದ ಕಾಲದಲ್ಲೇ ಎಂಟು ತಿಂಗಳನ್ನು ನಾನು ಕಿತ್ತುಕೊಂಡಿದ್ದೆ. ಭೂತಗನ್ನಡಿ ಕೆಳಗಿಟ್ಟೆ.

“ವಸಂತಕ್ಕ, ಆ A1... ನಾನು ಹೇಳಿದ್ದಕ್ಕೇ ನೀವು ಹಾಕಿದ್ದು. ಅವತ್ತು ಬಾಯಿ ಬಿಡ್ಬೇಕಿತ್ತು. ತಪ್ಪಾಯ್ತು.”

ಅವರು ಮೇಜು ಸವರಿ ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದರು.

“ನಿಮ್ದು ಆಗ ವೀಸಾ. ಕೆಲ್ಸ ಹೋದ್ರೆ ಬಸುರಿ ಹೆಂಡ್ತಿನ ಕರ್ಕೊಂಡು ಊರಿಗೆ ಹೋಗ್ಬೇಕಿತ್ತು. ನಂಗೆ ಗ್ರೀನ್ ಕಾರ್ಡ್ ಇತ್ತಲ್ಲ, ಹಾಗೆ ನಾನೇ ಹಾಕಿದ್ದು ಅಂತ ಹೇಳಿದ್ದು. ಅದು ಬೇಸರ ಇಲ್ಲ. ಆದ್ರೆ ನೀವು ಒಂದು ಮಾತು ಹೇಳ್ತೀರಿ ಅಂತ ದಿನಾ ಕಾಯ್ತಿದ್ದೆ. ಊಟ ಆಯ್ತಾ ಅಂತ ಮತ್ತೆ ಯಾಕೆ ಕೇಳ್ತಿದ್ದದ್ದು?”

ಆ ರೆಗ್ಯುಲೇಟರಿನ ಬಿಟ್ಟುಕೊಂಡಿದ್ದ ಮೂರು ಕಾಲುಗಳನ್ನೂ ಮತ್ತೆ ಬೆಸೆದು, ಅವರ ಬೆರಳನ್ನು ಗುಂಡಿಯ ಮೇಲಿಟ್ಟೆ. ನಾಲ್ಕು ಹತ್ತು ಎಂದು ಗಡಿಯಾರ ಇಂಗ್ಲಿಷಿನಲ್ಲಿ ಹೇಳಿತು.

“ಸರಿ ಹೇಳ್ತದಾ ನೋಡಿ,” ಎಂದರು.

ನನ್ನ ಕೈಗಡಿಯಾರ ನೋಡಿದೆ. ಕಣ್ಣು ತುಂಬಿ ಮುಳ್ಳುಗಳು ಕಲಸಿಹೋಗಿದ್ದವು. ಹಿಂದಿನ ನಾನಾಗಿದ್ದರೆ ಸರಿಯಿದೆ ಎಂದುಬಿಡುತ್ತಿದ್ದೆ.

“ಕಾಣಿಸ್ತಿಲ್ಲ ವಸಂತಕ್ಕ,” ಎಂದೆ.