ಯಾರದ್ದೂ ಅಲ್ಲದ ಮೆಮೊರಿ

ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ತೆಗೆಯಬಲ್ಲವನು ನಾನೊಬ್ಬನೇ. ಇಷ್ಟೇ ವಿದ್ಯೆಯ ಬಲದ ಮೇಲೆ ಹುವಾಮ್‌ದೋಂಗ್ ಗುಡ್ಡದ ನಮ್ಮ ಓಣಿಯಲ್ಲಿ ನಾನು ಕಂಪ್ಯೂಟರ್ ಪಂಡಿತ. ಪಂಡಿತನಿಗೆ ಸಂಬಳ ಕೊಡುವುದು ಮಾತ್ರ ಲಿಫ್ಟಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡುವ ಒಂದು ಸಣ್ಣ ಕಂಪನಿ. ಆ ಸಂಬಳದಲ್ಲಿ ಮಿಕ್ಕಿದ್ದನ್ನು ಕೂಡಿಸಿ ಒಮ್ಮೆ ಕ್ರಿಪ್ಟೋ ನಾಣ್ಯ ಕೊಂಡಿದ್ದೆ. ನಾನು ಕೊಂಡ ಸುದ್ದಿ ಅದಕ್ಕೆ ಹೇಗೋ ತಲುಪಿತೆಂದು ಕಾಣುತ್ತದೆ, ಮರುವಾರವೇ ಬೆಲೆ ಬಿತ್ತು. ನಾನು ಹೆದರಿ ಮಾರಿದೆ, ಅದು ಏರಿತು.

ಇಂಥವನನ್ನೂ ನಂಬಿದವರು ಕೆಳಗಿನ ಅಂಗಡಿಯ ತಾಕ್ ಬೋಂಗ್‌ಸಿಮ್. ಅವರ ಮಹಡಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅವರದು ಊಟಕ್ಕೆ ನೆಂಚಿಕೊಳ್ಳುವ ಪದಾರ್ಥಗಳ ಅಂಗಡಿ. ಸಂಜೆ ಅಲ್ಲಿ ಮಿಗುವ ಸೊಪ್ಪಿನ ಪಲ್ಯ, ಖಾರ ಹಚ್ಚಿದ ಮೂಲಂಗಿ, ಸಿಹಿಯಾಗಿ ಹುರಿದ ಪುಟಾಣಿ ಮೀನು, ಇವುಗಳ ಮೇಲೆಯೇ ನನ್ನ ದೇಹ ನಿಂತಿದೆ. ನಾನು ಅವರನ್ನು ಚಿಕ್ಕಮ್ಮ ಅನ್ನುತ್ತೇನೆ. ಅವರು ನನ್ನನ್ನು ‘ಚೋಂಗಾಕ್’ ಅನ್ನುತ್ತಾರೆ, ಅಂದರೆ ಮದುವೆಯಾಗದ ಗಂಡು. ಹೆತ್ತವರು ಇಟ್ಟ ಹೆಸರು ನನಗೂ ಒಂದಿದೆ. ಮದುವೆಯಾಗುವ ತನಕ ಅದನ್ನು ಈ ಓಣಿಯಲ್ಲಿ ಯಾರೂ ಬಳಸುವ ಲಕ್ಷಣವಿಲ್ಲ.

ಚಿಕ್ಕಮ್ಮ ಗಿಡ್ಡ ಆಳು. ಅರವತ್ತು ದಾಟಿದೆ. ಮೊಣಕೈ ತನಕ ಬರುವ ಗುಲಾಬಿ ಬಣ್ಣದ ರಬ್ಬರ್ ಕೈಗವಸು, ತಲೆಗೆ ಸುರುಳಿ ಸುರುಳಿ ಕೂದಲು, ಬಾಯಿಗೆ ಬಿಡುವಿಲ್ಲ. ಕೋಸು ಮಾರುವ ಲಾರಿಯವನು ಅವರನ್ನು ಕಂಡರೆ ಮೊದಲೇ ಬೆಲೆ ಇಳಿಸಿ ನಮಸ್ಕಾರ ಹೇಳುತ್ತಾನೆ. ಆದರೆ ಓಣಿಯಲ್ಲಿ ಅವರ ದೊಡ್ಡಸ್ತಿಕೆ ಅಂಗಡಿಯಿಂದ ಬಂದದ್ದಲ್ಲ, ಚೀಟಿಯಿಂದ ಬಂದದ್ದು. ಐದು ಹೆಂಗಸರು ತಿಂಗಳಿಗೊಮ್ಮೆ ಸೇರಿ ಉಂಡು, ಹರಟಿ, ಚೀಟಿ ಹಾಕುತ್ತಾರೆ. ಎಲ್ಲರ ಮಕ್ಕಳೂ ಶಾಲೆಗೆ ಹೋಗುತ್ತಿದ್ದ ಕಾಲದಿಂದ ಚೀಟಿ ನಡೆಸುತ್ತಿರುವವರು ಚಿಕ್ಕಮ್ಮ. ನಮ್ಮಲ್ಲಿ ಚೀಟಿ ಮುರಿಯಿತೆಂದರೆ ನಡೆಸಿದವಳ ಮುಖ ಮುರಿಯಿತೆಂದೇ ಲೆಕ್ಕ. ಆಮೇಲೆ ಆಕೆ ಬೇರೆ ಗುಡ್ಡ ಹುಡುಕಿಕೊಂಡು ಹೋಗಿ ಮೂಲಂಗಿ ಮಾರಬೇಕು.

ಎರಡು ಸಾವಿರದ ಹದಿನೇಳರ ಬೇಸಿಗೆ ಅದು. ಹೇರ್ ಸಲೂನಿನಲ್ಲಿ ಕೂದಲು ಸುರುಳಿ ಮಾಡಿಸಿಕೊಳ್ಳುತ್ತ ಕೂತವರೂ ನಾಣ್ಯದ ಮಾತೇ ಆಡುತ್ತಿದ್ದರು. ಆ ಸಲೂನಿನ ಒಡತಿ ಮ್ಯೋಂಗ್‌ಜಾ ಚೀಟಿಯ ಊಟದಲ್ಲಿ ಎದ್ದು ನಿಂತು ಹೇಳಿದಳಂತೆ: “ಈ ವರ್ಷ ಚೀಟಿ ದುಡ್ಡಲ್ಲಿ ಜೇಜು ದ್ವೀಪಕ್ಕೆ ಹೋಗಿ ಕಿತ್ತಳೆ ತಿಂದು ಬರೋದು ಬೇಡ ಕಣ್ರೇ. ನಾಣ್ಯ ಅಗೆಯೋ ಕಂಪ್ಯೂಟರ್ ಮಾಡ್ಸೋಣ. ನಾವು ಮಲಗಿದ್ರೂ ಅದು ದುಡೀತದೆ.”

“ನನ್ನ ಗಂಡನಿಗಿಂತ ವಾಸಿ ಆಯ್ತು ಹಾಗಾದ್ರೆ,” ಅಂದಳಂತೆ ಅಕ್ಕಿ ಕಡುಬಿನ ಅಂಗಡಿಯ ಗ್ವಿನ್ಯೋ. ನಿರ್ಣಯ ಪಾಸಾಯಿತು.

ಒಂದೇ ಷರತ್ತು: ಯಂತ್ರ ಒಂದಾದರೂ ಗ್ರಾಫಿಕ್ಸ್ ಕಾರ್ಡು ಅವರವರದ್ದೇ. ಐವರಿಗೆ ಐದು ಕಾರ್ಡು. ಅಗೆಯುವುದೆಂದರೆ ಹಗಲೂ ರಾತ್ರಿ ಲೆಕ್ಕ ಬಿಡಿಸಿ ಹೊಸ ನಾಣ್ಯ ಗಳಿಸುವುದು. ಆ ಲೆಕ್ಕ ಬಿಡಿಸುವುದು ಕಾರ್ಡೇ ತಾನೇ, ಯಾರ ಕಾರ್ಡು ಎಷ್ಟು ಅಗೆಯುತ್ತದೋ ಅದು ಅವರಿಗೆ.

ಯೋಂಗ್‌ಸಾನ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಐವರೂ ಬಿಸಿಲುಟೋಪಿ ಹಾಕಿಕೊಂಡು ಹೊರಟರು. ಪಂಡಿತನಾಗಿ ನಾನು, ಚೀಲ ಹೊರುವವನಾಗಿಯೂ ನಾನೇ. ಎರಡನೇ ಮಹಡಿಯ ಬಾಂಗ್ ಎಂಬವರ ಅಂಗಡಿಯಲ್ಲಿ ಅವರು ಕಾರ್ಡು ಆರಿಸಿದ ರೀತಿ ನೋಡಬೇಕಿತ್ತು. ಮ್ಯೋಂಗ್‌ಜಾಗೆ ಮೂರು ಫ್ಯಾನಿನದೇ ಬೇಕು. ಗ್ವಿನ್ಯೋಗೆ ಕೆಂಪು ಅಂಚಿನದು. ಲಾಂಡ್ರಿಯವಳು ಪೆಟ್ಟಿಗೆ ದೊಡ್ಡದಿದ್ದದ್ದನ್ನು ಆರಿಸಿದಳು. ಮೀನಿನ ಅಂಗಡಿಯವಳು ಕಾರ್ಡನ್ನು ತಿರುಗಿಸಿ, ಮೂಸಿ, “ಇದು ತಾಜಾನಾ?” ಅಂತ ಕೇಳಿದಳು. ಚಿಕ್ಕಮ್ಮ ಐದಕ್ಕೂ ಸೇರಿಸಿ ಚೌಕಾಸಿ ಮಾಡಿದರು. ಬಾಂಗ್ ಯಜಮಾನರು ಕನ್ನಡಕ ಹಣೆಗೇರಿಸಿ ಗೋಡೆಗೆ ಒರಗಿದ್ದು ಆಗಲೇ.

“ಸರಿ, ಮೆಮೊರಿ ಎಷ್ಟು ಹಾಕ್ಲಿ?” ಅಂದರು ಅವರು.

ಐವರೂ ತಮ್ಮ ತಮ್ಮ ಕಾರ್ಡಿನ ಪೆಟ್ಟಿಗೆ ಎದೆಗವಚಿಕೊಂಡರು.

“ಅದು ಯಾರ ಪಾಲು?” ಗ್ವಿನ್ಯೋ ಕೇಳಿದಳು.

“ಎಲ್ಲರದ್ದೂ.”

“ಎಲ್ಲರದ್ದೂ ಅಂದ್ರೆ ಯಾರದ್ದು?”

“ಐದು ಕಾರ್ಡಿಗೆ ಎಂಟು ಜಿಬಿ ಆದ್ರೂ ಇರ್ಲಿ,” ಅಂದರು ಬಾಂಗ್. “ನಾಲ್ಕರಲ್ಲಿ ಓಡಿಸೋರೂ ಇದ್ದಾರೆ. ಆದ್ರೆ ಇಕ್ಕಟ್ಟು.”

ಐದು ಟೋಪಿಗಳು ನನ್ನ ಕಡೆ ತಿರುಗಿದವು. “ನಾಲ್ಕು ಸಾಕು,” ಅಂದೆ ನಾನು. ಒಂದು ವಿಡಿಯೋದಲ್ಲಿ ನೋಡಿದ್ದೆ. ಆ ಯಂತ್ರದಲ್ಲಿ ಇದ್ದದ್ದು ಎರಡೇ ಕಾರ್ಡು ಎಂಬುದು ವಿಡಿಯೋದ ಕೊನೆಯಲ್ಲಿತ್ತು. ನಾನು ಕೊನೆಯ ತನಕ ನೋಡುವ ಜಾತಿಯವನಲ್ಲ. ಪಂಡಿತನ ಅಪ್ಪಣೆ ಸಿಕ್ಕಿದ್ದೇ ತಡ, ಹೆಂಗಸರು ಉಳಿದದ್ದೆಲ್ಲವನ್ನೂ ಅದೇ ಧಾಟಿಯಲ್ಲಿ ಕೊಂಡರು. ಯಾರದ್ದೂ ಅಲ್ಲದ ಡಿಸ್ಕು ಇದ್ದುದರಲ್ಲೇ ಚಿಕ್ಕದು, ಯಾರದ್ದೂ ಅಲ್ಲದ ಪವರ್ ಸಪ್ಲೈ ಇನ್ನೊಬ್ಬರು ಬಳಸಿ ಬಿಟ್ಟದ್ದು.

ಅಂಗಡಿಯ ಹಿಂದೆ, ಕೋಸಿನ ಉಪ್ಪಿನಕಾಯಿ ಕಿಮ್ಚಿಯ ಫ್ರಿಜ್ಜಿನ ಪಕ್ಕ, ಪಾತ್ರೆ ಒಣಗಿಸುವ ಸ್ಟೀಲ್ ಸ್ಟ್ಯಾಂಡಿನ ಮೇಲೆ ಯಂತ್ರ ಕಟ್ಟಿದೆ. ತಟ್ಟೆ ನಿಲ್ಲಿಸುವ ಕಡೆ ಕಾರ್ಡುಗಳು ಸಾಲಾಗಿ ಚೆನ್ನಾಗಿಯೇ ಕೂತವು. ಒಂದೊಂದನ್ನೇ ಸೇರಿಸುತ್ತ ಬಂದೆ. ನಾಲ್ಕು ಕಾರ್ಡು ತಿರುಗಿದವು, ಚಪ್ಪಾಳೆ ಬಿತ್ತು. ಐದನೆಯದು, ಲಾಂಡ್ರಿಯವಳದು, ಸೇರಿಸಿದ ಕೂಡಲೇ ಪರದೆ ಕಲ್ಲಾಯಿತು.

“ಪೆಟ್ಟಿಗೆ ನೋಡಿ ಮರುಳಾದೆ ನೀನು,” ಅಂದಳು ಮ್ಯೋಂಗ್‌ಜಾ.

ಲಾಂಡ್ರಿಯವಳು ಅತ್ತಳು. ನಾನು ಸಮಾಧಾನಕ್ಕೆಂದು ಸರದಿ ಬದಲಿಸಿ ಅವಳದ್ದನ್ನು ಮೊದಲು ಹಾಕಿದೆ. ನೆಟ್ಟಗೆ ಓಡಿತು. ಈ ಸಲ ಕೊನೆಗೆ ಬಂದದ್ದು ಮ್ಯೋಂಗ್‌ಜಾಳ ಮೂರು ಫ್ಯಾನಿನದು. ಪರದೆ ಮತ್ತೆ ಕಲ್ಲು.

“ಯಾರ ಕಣ್ಣು ಬಿತ್ತೋ ನನ್ನ ಕಾರ್ಡಿಗೆ!”

“ನಿನ್ನ ಬಾಯೇ ಬಿದ್ದಿರ್ಬೇಕು ಕಣೇ,” ಅಂದಳು ಲಾಂಡ್ರಿಯವಳು, ಕಣ್ಣೀರು ಒಣಗಿತ್ತು.

ವಾರವಿಡೀ ಇದೇ. ಯಾರ ಕಾರ್ಡು ಕೊನೆಗೆ ಬಂತೋ ಅದು ಕೆಟ್ಟದ್ದು. ಡಿಸ್ಕಿನಿಂದ ಒಂದಿಷ್ಟು ಜಾಗ ಮೆಮೊರಿಗೆ ಕೊಡಿಸೋಣವೆಂದರೆ ಆ ಡಿಸ್ಕಿಗೇ ಜಾಗವಿಲ್ಲ. ನಾಲ್ಕೇ ಕಾರ್ಡಿದ್ದಾಗಲೂ ದಿನಕ್ಕೊಮ್ಮೆಯಾದರೂ ಮುಗ್ಗರಿಸುತ್ತಿತ್ತು. ಕೊನೆಗೆ ನಾನು ತಲೆತಗ್ಗಿಸಿ ಹೇಳಿದೆ: “ಕಾರ್ಡು ಐದೂ ಚೆನ್ನಾಗಿವೆ. ಐದು ಜನ ಐದು ಪಾತ್ರೆ ತಂದಿದ್ದೀರಿ, ಊಟದ ಮಣೆ ಮಾತ್ರ ಇಬ್ಬರದು. ತಪ್ಪು ನನ್ನದೇ. ಎಲ್ಲರೂ ಸೇರಿ ಮೆಮೊರಿ ಕೊಂಡರೆ ಆಯ್ತು.”

“ನನ್ನದು ಓಡ್ತಾ ಇದೆ. ನಾನ್ಯಾಕೆ ಕೊಡ್ಲಿ?” ಅಂದಳು ಆ ದಿನ ಮೊದಲ ಸರದಿಯಲ್ಲಿದ್ದ ಗ್ವಿನ್ಯೋ.

“ಹಾಗಾದ್ರೆ ನನ್ನದು ಹೊರಗೆ ಅಂತಾಯ್ತು,” ಅಂದಳು ಮ್ಯೋಂಗ್‌ಜಾ. “ಕಾರ್ಡು ಹೊರಗಾದ್ರೆ ನಾನೂ ಚೀಟಿಯಿಂದ ಹೊರಗೆ. ಶನಿವಾರದ ಊಟಕ್ಕೆ ಬರ್ತೀನಿ ಅಕ್ಕಾ, ಅದೇ ಕೊನೆ.”

ಬಾಗಿಲು ದೂಡಿಕೊಂಡು ಹೋದಳು. ಉಳಿದವರೂ ಒಬ್ಬರ ಮುಖ ಒಬ್ಬರು ನೋಡದೆ ಹೊರಟರು. ಚಿಕ್ಕಮ್ಮ ಕೋಸಿಗೆ ಉಪ್ಪು ಹಚ್ಚುತ್ತ ಕೂತರು.

“ಚೋಂಗಾಕ್, ಆ ಮೆಮೊರಿ ಎಷ್ಟು ದೊಡ್ಡದಿರತ್ತೆ?”

“ಬೆರಳಿನಷ್ಟು ಉದ್ದ ಚಿಕ್ಕಮ್ಮ.”

“ಅದಿಲ್ದಿದ್ರೆ?”

“ಯಂತ್ರ ಕಣ್ಣೇ ಬಿಡೋದಿಲ್ಲ.”

“ಹೂಂ,” ಅಂದು ಇನ್ನೊಂದು ಕೋಸಿಗೆ ಕೈ ಹಾಕಿದರು.

ಶುಕ್ರವಾರ ನಾನು ಹೊಟ್ಟೆನೋವೆಂದು ಆಫೀಸಿಗೆ ಫೋನ್ ಮಾಡಿ ಅವರ ಜೊತೆ ಯೋಂಗ್‌ಸಾನಿಗೆ ಹೋದೆ. ಬಾಂಗ್ ಯಜಮಾನರ ಮೇಜಿನ ಮೇಲೆ ಚಿಕ್ಕಮ್ಮ ಬಟ್ಟೆಯ ಗಂಟು ಬಿಚ್ಚಿದರು. ಒಳಗಿದ್ದದ್ದು ಅವರದ್ದೇ ಕಾರ್ಡು.

ನನಗೆ ತಡೆಯಲಾಗಲಿಲ್ಲ. “ಇದೇನು ಚಿಕ್ಕಮ್ಮ! ಮೆಮೊರಿ ನೀವೇ ಕೊಂಡು ಹಾಕಿದ್ರೆ ಆಯ್ತಲ್ಲ? ಐದು ಕಾರ್ಡೂ ಓಡ್ತಾವೆ.”

“ದಾನ ಮಾಡ್ಲಾ? ಚೆನ್ನಾಗಿ ಹೇಳ್ದೆ. ನಾಳೆ ಪವರ್ ಸಪ್ಲೈ ಸುಟ್ರೆ ಆಗ್ಲೂ ನನ್ನ ಮುಖಾನೇ ನೋಡ್ತಾರೆ. ಸುಮ್ನೆ ಕಾರ್ಡು ತೆಗೆದು ಕೂತ್ರೆ ಪಾಪ ಬೋಂಗ್‌ಸಿಮ್ ಅಂತಾರೆ, ಅದಂತೂ ನನಗೆ ಬೇಡ್ವೇ ಬೇಡ. ಕೇಳು, ನನ್ನದೂ ಅಂತ ಒಂದು ಕಾರ್ಡಿರೋ ತನಕ ನಾನೂ ಅದಕ್ಕೇ ಬಡಿದಾಡ್ತೀನಿ, ಮ್ಯೋಂಗ್‌ಜಾ ಹಾಗೇನೇ. ಆ ಎಲ್ಲರದ್ದೂ ಅನ್ನೋದನ್ನ ಯಾರಾದ್ರೂ ಒಬ್ಬಳು ನನ್ನದು ಅನ್ಬೇಕಲ್ಲ.”

ಕಾರ್ಡಿನ ಬೆಲೆ ಆ ಕೆಲವೇ ವಾರಗಳಲ್ಲಿ ಮೇಲೇರಿತ್ತು. ಬಾಂಗ್ ಅದನ್ನು ಖುಷಿಯಿಂದಲೇ ವಾಪಸು ತೆಗೆದುಕೊಂಡು ಎಂಟೆಂಟು ಜಿಬಿಯ ಎರಡು ಮೆಮೊರಿ, ಹೊಸ ಪವರ್ ಸಪ್ಲೈ, ದೊಡ್ಡ ಡಿಸ್ಕು ಎತ್ತಿಟ್ಟರು.

“ನಾಲ್ಕು ಕಾರ್ಡಿಗೆ ಇಷ್ಟೊಂದು ಯಾಕಮ್ಮಾ? ಎಂಟೇ ಸಾಕಲ್ಲ,” ಅಂದರು.

“ಸಾಕು ಅಂದವನ ಮಾತು ಒಂದ್ಸಲ ಕೇಳಿ ಆಗಿದೆ ಯಜಮಾನ್ರೇ,” ಅಂದು ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ. “ಕೊಸರು ಏನು ಕೊಡ್ತೀರಿ?”

ಬಾಂಗ್ ನಿಟ್ಟುಸಿರಿಟ್ಟು ಒಂದು ಫ್ಯಾನು ಇಟ್ಟರು. ಚಿಕ್ಕಮ್ಮ ಕದಲಲಿಲ್ಲ. ಇನ್ನೊಂದು ಇಟ್ಟರು.

ಶನಿವಾರ ಮಧ್ಯಾಹ್ನ ನಾಲ್ವರೂ ಬಂದರು, ನಾಲ್ಕು ದಿಕ್ಕಿಗೆ ಕೂತರು. ಮಧ್ಯೆ ಹಂದಿಮಾಂಸ ಬೇಯುತ್ತಿತ್ತು, ಯಾರೂ ಅದನ್ನು ಮಗುಚಲಿಲ್ಲ. ಹಿಂದಿನಿಂದ ಯಂತ್ರ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಮೊದಲು ಎದ್ದವಳು ಮೀನಿನವಳು. ಇಣುಕಿದಳು. “ಏ, ನನ್ನದು ತಿರುಗ್ತಾ ಇದೆ.” ಲಾಂಡ್ರಿಯವಳೂ ಎದ್ದಳು. “ನನ್ನದೂ.” ಗ್ವಿನ್ಯೋಳದೂ. ಮ್ಯೋಂಗ್‌ಜಾ ಮುಖ ಗಂಟು ಹಾಕಿಕೊಂಡೇ ಹೋಗಿ, ಮೂರು ಫ್ಯಾನನ್ನೂ ಎಣಿಸಿ, ಪಕ್ಕದ ಖಾಲಿ ಜಾಗ ಮುಟ್ಟಿ ತಿರುಗಿದಳು.

“ಅಕ್ಕಾ, ನಿನ್ನದೆಲ್ಲಿ?”

“ಅಲ್ಲೇ ಇದೆ ನೋಡು. ಬೆರಳಿನಷ್ಟು ಎರಡು ಪಟ್ಟಿ. ಪಕ್ಕದ ಕರೀ ಡಬ್ಬಿ, ಅದೂ ನನ್ನದೇ. ನೀವೆಲ್ಲ ಈಗ ಕೂತಿರೋದು ನನ್ನ ತೊಡೆ ಮೇಲೆ.”

ಮಾಂಸ ಹೊತ್ತುತ್ತಿತ್ತು. ಮಗುಚಲು ಹೋದ ನನ್ನ ಕೈಗೆ ಗ್ವಿನ್ಯೋ ಹೊಡೆದಳು.

“ಕಾರ್ಡು ಮಾರಿದ್ಯಾ?” ಮ್ಯೋಂಗ್‌ಜಾಳ ದನಿ ಏರಿತು. “ನಮ್ಮನ್ನ ಕೇಳದೆ? ನಾನು ಸಿಟ್ಟಲ್ಲಿ ಸಾವಿರ ಅಂತೀನಿ, ಅದಕ್ಕೆ ಕಾರ್ಡು ಮಾರೋದಾ? ಇಷ್ಟು ವರ್ಷ ನನ್ನ ಬಾಯಿ ನೋಡಿದೀಯ, ಇನ್ನೂ ಗೊತ್ತಾಗ್ಲಿಲ್ವಾ ನಿಂಗೆ?”

“ಗೊತ್ತಾಗಿದ್ದಕ್ಕೇ ಮಾರಿದ್ದು ಕಣೇ.”

“ನಾನು ಯಾರ ತೊಡೆ ಮೇಲೂ ಬಿಟ್ಟಿ ಕೂರೋಳಲ್ಲ.”

“ಬಿಟ್ಟಿ ಅಂತ ಯಾರಂದ್ರು? ಬಾಡಿಗೆ ಹಾಕ್ತೀನಿ.”

ಜಗಳ ಶುರುವಾಯಿತು. ಆದರೆ ಇದು ಬೇರೆ ಜಗಳ. ಚಿಕ್ಕಮ್ಮನಿಗೆ ಎಷ್ಟು ಪಾಲು ಎಂಬುದರ ಮೇಲೆ. ಗ್ವಿನ್ಯೋ ಐದರಲ್ಲೊಂದು ಅಂದಳು. ಅದೆಲ್ಲಿ ಸಾಲುತ್ತದೆ, ಮೆಮೊರಿ ಮಲಗಿದರೆ ಎಲ್ಲವೂ ಮಲಗುತ್ತವಲ್ಲ, ಅದಕ್ಕೆ ಹೆಚ್ಚೇ ಸಲ್ಲಬೇಕು ಎಂದು ಮ್ಯೋಂಗ್‌ಜಾ ಮೇಜು ಗುದ್ದಿದಳು. ಹೆಚ್ಚು ತನಗೆ ಬೇಡವೆಂದು ಚಿಕ್ಕಮ್ಮನೂ ಗುದ್ದಿದರು. ಸಾಸಿವೆ ಸೊಪ್ಪಿನ ಬಟ್ಟಲು ಉರುಳಿತು. ಕೊನೆಗೆ ಐದರಲ್ಲೊಂದು ಪಾಲು, ಮುಂದೆ ಎಲ್ಲರದ್ದೂ ಆದ ಯಾವುದು ಕೆಟ್ಟರೂ ಅಗೆದ ನಾಣ್ಯದಲ್ಲಿ ಅದಕ್ಕೇ ಮೊದಲು ತೆಗೆದಿಡುವುದು ಎಂದಾಯಿತು. ಮ್ಯೋಂಗ್‌ಜಾ ಕೂತಳು, ಮಾಂಸದ ಸುಡದ ತುಂಡೊಂದನ್ನು ಹುಡುಕಿ, ಎಲೆಯಲ್ಲಿ ಬೆಳ್ಳುಳ್ಳಿ ಇಟ್ಟು ಸುತ್ತಿ, ಚಿಕ್ಕಮ್ಮನ ಬಾಯಿಗೆ ತುರುಕಿದಳು. ನಮ್ಮಲ್ಲಿ ಕ್ಷಮೆ ಕೇಳುವುದೆಂದರೆ ಅಷ್ಟೇ, ಬಾಯಿ ತುಂಬಿದವರು ತಿರುಗಿ ಏನೂ ಹೇಳುವಂತಿಲ್ಲ.

“ಮುಂದಿನ ತಿಂಗಳು ಊಟ ನಮ್ಮನೇಲಿ,” ಅಂದಳು ಮ್ಯೋಂಗ್‌ಜಾ. ಯಾರೂ ಬೇಡವೆನ್ನಲಿಲ್ಲ. ಚಿಕ್ಕಮ್ಮ ಅಗಿಯುತ್ತ ತಲೆಯಾಡಿಸಿದರು, ಕಣ್ಣಲ್ಲಿ ನೀರಿತ್ತು. ಬೆಳ್ಳುಳ್ಳಿ ದೊಡ್ಡದಿತ್ತು ಎಂದೇ ನಾವೆಲ್ಲ ಅಂದುಕೊಂಡೆವು.

“ಒಂದು ಮರೆತ್ವಿ,” ಅಂದಳು ಲಾಂಡ್ರಿಯವಳು. “ಫ್ಯಾನಿಗೆಲ್ಲ ಧೂಳು ಕೂರತ್ತೆ. ವಾರಾ ವಾರಾ ಒರೆಸೋರು ಯಾರು? ಅದು ಎಲ್ಲರ ಕೆಲಸ.”

ಐವರೂ ನನ್ನ ಕಡೆ ನೋಡಿದರು. ಆ ಚೀಟಿಯ ಇತಿಹಾಸದಲ್ಲೇ ಜಗಳವಿಲ್ಲದೆ, ಒಂದೇ ಉಸಿರಿಗೆ, ಐದು ಕೈ ಒಟ್ಟಿಗೆ ಎದ್ದು ಪಾಸಾದ ನಿರ್ಣಯ ಅದೊಂದೇ ಅಂತ ಚಿಕ್ಕಮ್ಮ ಆಮೇಲೆ ಹೇಳಿದರು.