ಹತ್ತರಕಿಗೆ ಬಿಸಿ ಒಗ್ಗರಣೆ

ಹತ್ತರಕಿ ಸೊಪ್ಪನ್ನು ನೀವು ತಿಂದಿರಬಹುದು, ಹೆಸರನ್ನೇ ಕೇಳದೆಯೂ ಇರಬಹುದು. ನಮ್ಮ ಆಳಂದ, ಅಫಜಲಪುರದ ಕಡೆಯ ಎರೆಹೊಲಗಳಲ್ಲಿ, ಹಿಂಗಾರಿ ಜೋಳದ ಸಾಲುಗಳ ನಡುವೆ ಯಾರೂ ಬಿತ್ತದೆ, ಯಾರೂ ನೀರು ಹನಿಸದೆ ತನ್ನಷ್ಟಕ್ಕೆ ತಾನೇ ಹುಟ್ಟಿ, ನೆಲಕ್ಕೆ ಮೈ ಆನಿಸಿ ಅಂಗೈ ಬಿಚ್ಚಿದಂತೆ ಹರಡಿಕೊಳ್ಳುವ ಎಲೆ ಅದು. ಬಾಯಿಗಿಟ್ಟರೆ ಮೊದಲು ತುಸು ಕಹಿ, ಬೆನ್ನಿಗೇ ಒಂದು ತಂಪು. ಅದನ್ನು ಬೇಯಿಸಿ ಕೆಡಿಸುವವರನ್ನು ನಮ್ಮಲ್ಲಿ ಯಾರೂ ಮೆಚ್ಚುವುದಿಲ್ಲ. ತೊಳೆದು, ನೀರು ಝಾಡಿಸಿ, ಸಣ್ಣಗೆ ಹೆಚ್ಚಿ, ಹಸಿ ಉಳ್ಳಾಗಡ್ಡಿ ಬೆರೆಸಿ, ಶೇಂಗಾಪುಡಿ ಉದುರಿಸಿ, ಕಾದ ಕುಸುಬಿ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಸಿಡಿಸಿ ಮೇಲೆ ಸುರಿಯಬೇಕು. ಬಿಸಿ ಎಣ್ಣೆ ತಾಗಿದ ಎಲೆ ಒಮ್ಮೆ ಬೆಚ್ಚಿ, ಆಮೇಲೆ ಬಿಗಿ ಬಿಟ್ಟು, ಹಸಿಗೂ ಬೆಂದದ್ದಕ್ಕೂ ನಡುವಿನ ಯಾವುದೋ ಹದದಲ್ಲಿ ನಿಂತುಬಿಡುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಪಚಡಿ ಎನ್ನುತ್ತಾರೆ.

ನನ್ನ ತವರು ಅಫಜಲಪುರ. ಅಲ್ಲಿ ನಮ್ಮವ್ವ ಪಚಡಿಗೆ ನಿಂಬೆರಸ ಹಿಂಡಿ ಕೈ ತೊಳೆದುಕೊಳ್ಳುತ್ತಿದ್ದಳೇ ಹೊರತು ಒಲೆಯ ಹತ್ತಿರ ಹೋಗುತ್ತಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಆಳಂದದ ಹತ್ತಿರದ ಕಿಣ್ಣಿ ಸುಲ್ತಾನಕ್ಕೆ ಬಂದ ಹೊಸತರಲ್ಲಿ ನಾನೂ ಹಾಗೆಯೇ ಮಾಡಿ ತಾಟಿಗೆ ಬಡಿಸಿದೆ. ನನ್ನ ಅತ್ತೆ ಕಸ್ತೂರಿಬಾಯಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು: "ಇದು ನಮಗೇನವ್ವಾ, ಇಲ್ಲಾ ಎತ್ತಿಗೇನು?" ಕೇಳಿದ ಮೇಲೆ ಅವರೇ ನಕ್ಕು, ಒಗ್ಗರಣೆ ಹಾಕಿ, ಬೆರೆಸಿ, ಮೊದಲ ತುತ್ತು ನನ್ನ ಬಾಯಿಗೇ ಇಟ್ಟರು. ಅಂದಿನಿಂದ ನಾನು ಆ ಮನೆಯ ರುಚಿಗೆ ಒಗ್ಗಿದೆ. ಒಗ್ಗರಣೆಯೊಳಗೇ ಒಂದು ಒಗ್ಗುವಿಕೆ ಅಡಗಿದೆಯಲ್ಲ ಎಂದು ಆಗಾಗ ಅನ್ನಿಸುತ್ತದೆ. ಪದಗಳ ಮೂಲ ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ, ಆದರೆ ಅಡುಗೆ ಮಾಡುವವರು ಒಪ್ಪಿಯಾರು.

ಆ ಮನೆಯಲ್ಲಿ ನನಗೆ ಒಗ್ಗದೆ ಉಳಿದದ್ದು ಒಂದೇ ಸಂಗತಿ. ನನ್ನ ಮಾವ ಸಿದ್ರಾಮಪ್ಪನವರು ಮತ್ತು ಅತ್ತೆ ಪರಸ್ಪರ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಜಗಳವೇನೂ ಇರಲಿಲ್ಲ, ಅದು ಅವರ ರೂಢಿ. ಮಾವನವರು ಎತ್ತರದ ಆಳು, ತಲೆಗೆ ಬಿಳಿ ರುಮಾಲು, ತುಟಿ ಮುಚ್ಚುವ ಮೀಸೆ. ಅವರು ಅಂಗಳಕ್ಕೆ ಕಾಲಿಟ್ಟರೆ ಕೋಳಿಗಳೂ ಕೂಗು ತಗ್ಗಿಸುತ್ತವೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದ. ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ, ನೀರು ಬೇಕಾದರೂ ಪಡಸಾಲೆಯಿಂದಲೇ ಕೆಮ್ಮುವರು. ಅತ್ತೆ ಪಕ್ಕದಲ್ಲೇ ಕುಳಿತು ಬೇಳೆ ಹಸನು ಮಾಡುತ್ತಿದ್ದರೂ "ನಿಮ್ಮತ್ತಿಗೆ ಹೇಳು, ಸಂಜೀಕ ಆಳಂದಕ್ಕ ಹೋಗ್ತೇನಿ" ಎಂದು ನನಗೆ ಹೇಳುವರು. ಅತ್ತೆ ತಲೆ ಎತ್ತದೆ, "ನಿಮ್ಮ ಮಾವನೋರಿಗೆ ಹೇಳು, ಬರೂವಾಗ ಬೆಲ್ಲ ತರಾಕ" ಎನ್ನುವರು. ನಡುವೆ ನಾನು ಟಪಾಲು ಪೆಟ್ಟಿಗೆಯಂತೆ ನಿಂತಿರುತ್ತಿದ್ದೆ. ಇವರು ಇಷ್ಟು ವರ್ಷ ಹೇಗೆ ಸಂಸಾರ ಮಾಡಿದರು ಎಂದು ಹೊಸ ಮದುವಣಗಿತ್ತಿಯಾದ ನನಗೆ ಒಳಗೊಳಗೇ ಕನಿಕರ.

ಹೀಗೆ ಕೆಲವು ವರ್ಷ ಕಳೆಯುವಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂತು. ಅವರು ಅದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ. ಬೇಳೆಯನ್ನು ಬೆರಳಿನಿಂದ ಹಸನು ಮಾಡಿದರು, ರೊಟ್ಟಿ ಬೆಂದದ್ದನ್ನು ವಾಸನೆಯಿಂದ ಅರಿತರು, ಒಗ್ಗರಣೆಯ ಹದವನ್ನು ಕಿವಿಯಿಂದ ಹಿಡಿದರು. ಒಂದು ದಿನ ಅಂಗಳದಲ್ಲಿ ನಿಂತಿದ್ದ ಸ್ವಂತ ಮಗನನ್ನೇ "ಯಾರ್ರಿ, ಬರ್ರಿ, ಕೂಡ್ರಿ" ಎಂದು ಪರರಂತೆ ಉಪಚರಿಸಿದಾಗ ಗುಟ್ಟು ರಟ್ಟಾಯಿತು. ಆಳಂದದಲ್ಲಿ ಬೀಜದ ಅಂಗಡಿ ನಡೆಸುತ್ತಿದ್ದ ನನ್ನ ಗಂಡ ಮರುವಾರವೇ ಅಂಗಡಿ ಮುಚ್ಚಿ, ತಾಯಿಯನ್ನು ಸೊಲ್ಲಾಪುರಕ್ಕೆ ಕರೆದೊಯ್ದು ಆಪರೇಶನ್ ಮಾಡಿಸಿಕೊಂಡು ಬಂದ.

ಈಗಿನಂತೆ ಮುಂಜಾನೆ ಹೋಗಿ ಸಂಜೆ ನಡೆದು ಬರುವ ಕಾಲವಲ್ಲ ಅದು. ಕಣ್ಣಿಗೆ ಹೊಲಿಗೆ, ಅದರ ಮೇಲೆ ಪಟ್ಟಿ, ಎರಡೂ ಕಣ್ಣು ಮುಚ್ಚುವಂತೆ ಹಸಿರು ಬಟ್ಟೆಯ ಮರೆ. ಅಂಗಾತ ಮಲಗಿರಬೇಕು, ಬಗ್ಗಬಾರದು, ಗಟ್ಟಿ ಪದಾರ್ಥ ಅಗಿಯಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಕೆಮ್ಮಬಾರದು, ಸೀನಬಾರದು. ಹೊಲಿಗೆ ಬಿಚ್ಚಿದರೆ ಕಣ್ಣು ಹೋದಂತೆಯೇ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಆ ಹೆದರಿಕೆಯನ್ನು ನಾನು ತಲೆಯ ಮೇಲೆ ಹೊತ್ತುಕೊಂಡು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿಬಿಟ್ಟೆ. ಘಾಟು ಎದ್ದರೆ ಕೆಮ್ಮು, ಕೆಮ್ಮಿದರೆ ಕಣ್ಣು. ಅತ್ತೆಗೆ ಮೆತ್ತನೆಯ ಅನ್ನ, ಬೇಳೆಕಟ್ಟು, ಗಂಜಿ. ನಮಗೂ ಅದೇ. ಸಾಸಿವೆ ಸಿಡಿಯದ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂಬುದು ಆಗ ತಿಳಿಯಿತು.

ಅತ್ತೆ ಮೊದಲು ಅರ್ಧ ತಾಟು ಬಿಟ್ಟರು, ಆಮೇಲೆ ಮುಕ್ಕಾಲು, ಆಮೇಲೆ ಮುಟ್ಟಿಯೇ ನೋಡಲಿಲ್ಲ.

"ಅತ್ತೀ, ಎರಡು ತುತ್ತರ ಉಣ್ರಿ. ಉಣ್ಣದಿದ್ರ ಗಾಯ ಹ್ಯಾಂಗ ಮಾಯಬೇಕ್ರಿ?" ಎಂದರೆ, "ಹಸಿವಿಲ್ಲ ಬೇ. ಕಣ್ಣೂ ಕತ್ತಲಿ, ಬಾಯೂ ಕತ್ತಲಿ. ಯಾವುದಕ್ಕ ಉಣ್ಣಲಿ?" ಎನ್ನುವರು.

ನಗಿಸುವುದರಲ್ಲಿ ಎತ್ತಿದ ಕೈಯಾಗಿದ್ದ ಆ ಹೆಂಗಸು ಹಾಗೆ ಮಾತಾಡಿದ್ದು ನನ್ನ ಎದೆಗೆ ನಾಟಿತು. ಗಂಡ ಮೋಸಂಬಿ ತಂದ, ದ್ರಾಕ್ಷಿ ತಂದ, ಎಲ್ಲ ದಿಂಬಿನ ಪಕ್ಕದಲ್ಲಿ ಬಾಡಿದವು. ಪಟ್ಟಿ ಬದಲಿಸಲು ಬರುತ್ತಿದ್ದ ನರ್ಸಬಾಯಿ ನಾಡಿ ಹಿಡಿದು, ಹೀಗೇ ನಿತ್ರಾಣವಾದರೆ ಮತ್ತೆ ಸೊಲ್ಲಾಪುರಕ್ಕೇ ಒಯ್ಯಬೇಕಾದೀತು ಎಂದು ಮುಖ ಸಣ್ಣದು ಮಾಡಿದಳು. ಪಡಸಾಲೆಯ ಕಂಬಕ್ಕೊರಗಿ ಕುಳಿತಿದ್ದ ಮಾವನವರು ಇದನ್ನೆಲ್ಲ ಕೇಳಿಸಿಕೊಂಡರು. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

ಮರುದಿನ ಬಿಸಿಲೇರುವ ಮುನ್ನವೇ ಹೊಲಕ್ಕೆ ಹೋದವರು ಹೆಗಲಮೇಲಿನ ಟವೆಲ್ಲನ್ನು ಗಂಟು ಕಟ್ಟಿಕೊಂಡು ಬಂದರು. ನೇರ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ನಿಂತು, "ಈಳಿಗಿ ಎಲ್ಲೈತವ್ವಾ?" ಎಂದರು. ಗಂಟು ಬಿಚ್ಚಿದರೆ ಮಣ್ಣಿನ ವಾಸನೆಯ ಎಳೆ ಹತ್ತರಕಿ, ಇನ್ನೂ ಇಬ್ಬನಿ ಆರಿರಲಿಲ್ಲ.

"ಕೊಡ್ರಿ ಮಾವನೋರ, ನಾ ಹೆಚ್ಚತೇನಿ."

"ನೀ ಕೂಡು. ಇದು ಭಾಳ ಸಣ್ಣಗ ಆಗಬೇಕು, ಆಕಿಗೆ ಅಗಿಯೂ ಕೆಲಸ ಇರಬಾರದು."

ನೇಗಿಲು ಹಿಡಿದ ಆ ದಪ್ಪ ಬೆರಳುಗಳು ಈಳಿಗೆಯ ಮುಂದೆ ಎಷ್ಟು ಹಗುರಾಗಿ ಓಡಾಡಿದವೆಂದರೆ, ಎಲೆ ನೂಲಿನಂತೆ ಕೆಳಗೆ ಬಿತ್ತು. ಉಳ್ಳಾಗಡ್ಡಿಯನ್ನೂ ಹಾಗೆಯೇ ಹೆಚ್ಚಿದರು. ನನಗೆ ಮಾತ್ರ ಒಗ್ಗರಣೆಯದೇ ಯೋಚನೆ. "ಘಾಟು ಬಂದು ಅತ್ತಿ ಕೆಮ್ಮಿದ್ರ ಗತಿ ಏನ್ರಿ?" ಎಂದೆ.

"ಒಲಿ ಒಳಗ ಹಚ್ಚಂಗಿಲ್ಲ. ಮೆಣಸಿನಕಾಯೀನೂ ಹಾಕಂಗಿಲ್ಲ. ಗಾಳಿ ಯಾ ಕಡಿ ಬೀಸಾಕತ್ತೈತಿ ನೋಡಿ ಬಂದೇನಿ."

ಹಿತ್ತಲ ಬೇಲಿಯ ಆಚೆ, ಗಾಳಿ ಮನೆಯಿಂದ ದೂರ ಸಾಗುವ ಕಡೆ, ಅವರು ಕಲ್ಲು ಹೂಡಿ ಕಟ್ಟಿಗೆ ಹಚ್ಚಿದರು. ಕಬ್ಬಿಣದ ಸೌಟಿನಲ್ಲಿ ಕುಸುಬಿ ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿತು. ಹೊಗೆಯೆಲ್ಲ ಹೊಲದ ಕಡೆ ಹೋದ ಮೇಲೆ ಸೌಟಿಗೆ ತಾಟು ಮುಚ್ಚಿ, ಧೋತರದ ಚುಂಗು ಎತ್ತಿ ಕಟ್ಟಿ, ಊರ ಪಂಚಾಯತಿಗೆ ಹೊರಟಷ್ಟೇ ಗಂಭೀರವಾಗಿ ಆ ಎತ್ತರದ ಮನುಷ್ಯ ಹಿತ್ತಲಿನಿಂದ ಮನೆಯೊಳಗೆ ದಾಪುಗಾಲು ಹಾಕಿದರು. ಬೇಲಿಯಾಚೆಯ ನೆರೆಮನೆಯ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ನೋಡುತ್ತ ನಿಂತರು. ನಾನು ಹೆಚ್ಚಿದ ಸೊಪ್ಪಿನ ಬೋಗುಣಿ ಹಿಡಿದು ಅವರ ಹಿಂದೆ ಓಡಿದೆ.

ಅತ್ತೆಯ ಮಂಚದ ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತೆ. ಮಾವನವರು ತಾಟು ಸರಿಸಿ ಸುರಿದರು. ಚುಂಯ್ ಎಂದಿತು. ಎಷ್ಟೋ ದಿನಗಳ ಮೇಲೆ ಮನೆಗೆ ಮಾತು ಬಂದಂತಾಯಿತು.

ಅತ್ತೆ ಮಲಗಿದಲ್ಲಿಂದಲೇ ಆ ಸದ್ದಿಗೆ ಕಿವಿಗೊಟ್ಟರು. ಆಮೇಲೆ, "ಯಾರ್ ಹಾಕಿದ್ರು ಒಗ್ಗರಣಿ?" ಎಂದರು.

ಮಾವನವರು ಬಾಯಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು. "ನಾನ್ರಿ ಅತ್ತೀ" ಎಂದೆ.

"ಸುಳ್ಳು ಹೇಳಬ್ಯಾಡ. ನೀ ಧಡ್ ಅಂತ ಒಂದ ಕಡಿ ಸುರೀತಿ. ಇದು ಬೋಗುಣಿ ದಂಡೀಗುಂಟ ಸುತ್ತಿಸಿ ಹಾಕಿದ್ದು." ಹಸಿರು ಬಟ್ಟೆಯ ಕೆಳಗೆ ತುಟಿ ಅರಳುವುದು ಕಾಣಿಸಿತು. ಆಮೇಲೆ ನನ್ನ ಕಡೆಗಲ್ಲ, ನೇರವಾಗಿ ಮಾವನವರು ನಿಂತ ಕಡೆಗೇ ಅವರ ಧ್ವನಿ ಹೋಯಿತು: "ಏನ್ರಿ, ಇಷ್ಟು ವರ್ಷದ ಮ್ಯಾಲ ನೆನಪಾತೇನು?"

"ಮರ್ತಿದ್ರಲ್ಲ, ನೆನಪಾಗಾಕ" ಎಂದರು ಮಾವನವರು.

ನಾನು ಬೋಗುಣಿಯನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದೆ. ಅವರಿಬ್ಬರ ನಡುವೆ ಟಪಾಲಿಲ್ಲದೆ ಮಾತು ದಾಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಅದರ ಮೇಲೆ ಪಚಡಿಯಿಟ್ಟು ತುತ್ತು ಕೊಟ್ಟೆ. ಅತ್ತೆ ಉಂಡರು. ಇನ್ನೊಂದು ಎಂದರು. ಬೋಗುಣಿ ಬರಿದಾಗುವವರೆಗೆ ಮಾವನವರು ಅಲ್ಲಿಂದ ಕದಲಲಿಲ್ಲ.

ಕಥೆ ಅತ್ತೆಯ ಬಾಯಿಂದ ಹೊರಬಿದ್ದದ್ದು ಅಂದು ಮಧ್ಯಾಹ್ನ, ಮಾವನವರು ಪಡಸಾಲೆಯಲ್ಲಿ ನಿದ್ದೆ ಹೋದ ಮೇಲೆ. ಮದುವೆಯಾದ ಹೊಸತು, ಸುಗ್ಗಿಯ ಕಾಲ, ಗಂಡಹೆಂಡತಿ ಇಬ್ಬರೂ ಹೊಲದ ಗುಡಿಸಲಲ್ಲಿ ರಾಶಿ ಕಾಯಲು ಉಳಿದಿದ್ದರಂತೆ. ಅತ್ತೆ ಚೊಚ್ಚಿಲ ಬಸುರಿ. ಬೇಯುವ ಯಾವುದರ ವಾಸನೆಯೂ ಸೇರದು, ಮನೆಯಿಂದ ಬಂದ ಬುತ್ತಿ ಬಿಚ್ಚಿದರೆ ವಾಕರಿಕೆ. ಆಗ ಈ ಗಂಡ ಜೋಳದ ಸಾಲಿನಲ್ಲಿ ಕುಳಿತು ಹತ್ತರಕಿ ಕಿತ್ತು, ಕುಡುಗೋಲಿನಲ್ಲಿ ಹೆಚ್ಚಿ, ಗಾಳಿ ಗುಡಿಸಲಿನಿಂದ ದೂರ ಸಾಗುವ ಕಡೆ ಒಲೆ ಹೂಡಿ, ಎಣ್ಣೆ ಕಾಸಿ ತಂದು ಸುರಿದರಂತೆ. "ಎಲಿ ಬೇಯಬಾರದು, ಹಸೀನೂ ಇರಬಾರದು, ಅಷ್ಟ ಬೆಚ್ಚಗ ಮಾಡೂದು ಅವರಿಗೇ ಬರ್ತಿತ್ತು" ಎಂದರು ಅತ್ತೆ. "ಗಂಡಸು ಒಲಿ ಮುಂದ ಕುಂತದ್ದು ಗೊತ್ತಾದ್ರ ನಮ್ಮತ್ತಿ ಇಬ್ಬರನ್ನೂ ಊರಾಗ ನಗಿಗೇಡು ಮಾಡ್ತಿದ್ಲು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು. ಇವತ್ತ ಅವರ ಕೈಲೇ ಆಣಿ ಮುರೀತು ನೋಡು."

ಗೆಳೆಯರೇ, ಅಂದಿನಿಂದ ನಾನು ಆ ಮನೆಯ ಮೌನವನ್ನು ಬೇರೆ ಕಿವಿಯಿಂದ ಕೇಳತೊಡಗಿದೆ. ಪ್ರೀತಿ ಎಂದರೆ ಕುದಿಯಬೇಕು, ಉಕ್ಕಬೇಕು, ನಾಲ್ಕು ಮನೆಗೆ ಗಮ್ಮೆನ್ನಬೇಕು ಎಂದುಕೊಂಡಿದ್ದ ವಯಸ್ಸು ನನ್ನದು. ಹದವಾಗಿ ಬೆಚ್ಚಗಾಗಿ, ತನ್ನ ಹಸಿರನ್ನು ಬಿಟ್ಟುಕೊಡದೆ, ಇಷ್ಟು ಕಾಲ ಬಾಡದೆ ಉಳಿಯುವ ಪ್ರೀತಿಯೂ ಇರುತ್ತದೆಂದು ನನಗೆ ಯಾರು ಹೇಳಬೇಕು? ನನ್ನ ಕನಿಕರವನ್ನು ಮೆಲ್ಲಗೆ ಹಿಂದಕ್ಕೆ ಪಡೆದುಕೊಂಡು, ಆ ಜಾಗದಲ್ಲಿ ಒಂದಿಷ್ಟು ಹೊಟ್ಟೆಕಿಚ್ಚು ಇಟ್ಟುಕೊಂಡೆ. ಆ ಸಂಜೆ ಆಳಂದದಿಂದ ಬಸ್ಸಿಳಿದು ಬಂದ ಗಂಡನಿಗೆ ಇದನ್ನೆಲ್ಲ ಹೇಳಿ, "ನಿಮಗ ಒಗ್ಗರಣಿ ಹಾಕಾಕ ಬರ್ತದೇನ್ರಿ?" ಎಂದು ಕೇಳಿದೆ. ಅವನು ಕಲಿಯುತ್ತೇನೆಂದ, ಕಲಿತದ್ದಂತೂ ನಿಧಾನವೇ.

ದಿನವೂ ಹಿತ್ತಲಲ್ಲಿ ಹೊಗೆ ಎದ್ದಿತು, ಅತ್ತೆಯ ಕೆನ್ನೆಗೆ ರಂಗು ಬಂತು. ಡಾಕ್ಟರಿಂದ ಹೊಲಿಗೆ ತೆಗೆಸಿ, ಕಣ್ಣು ಮಾಯ್ದು, ಕಡೆಗೆ ಸೊಲ್ಲಾಪುರದಿಂದ ದಪ್ಪ ಗಾಜಿನ ಕನ್ನಡಕ ಬಂದ ದಿನ ಮನೆಯವರೆಲ್ಲ ಅವರ ಸುತ್ತ ನೆರೆದೆವು. ಕನ್ನಡಕ ಏರಿಸಿ ಮಗನನ್ನು ನೋಡಿದರು, ನನ್ನನ್ನು ನೋಡಿ "ದಪ್ಪಗಾಗೀಯಲ್ಲ ಬೇ" ಎಂದರು. ಮಾವನವರ ಮೀಸೆ ಇಷ್ಟು ಬೆಳ್ಳಗಾದದ್ದು ಯಾವಾಗ ಎಂಬಂತೆ ಬಹಳ ಹೊತ್ತು ನೋಡಿದರು. ಆಮೇಲೆ, "ನೀವು ಒಗ್ಗರಣಿ ಹಾಕೂದು ನಾ ನೋಡಬೇಕು" ಎಂದರು.

"ಮಂದಿ ಮುಂದ ಏನ್ ಹಚ್ಚೀದಿ?" ಎಂದು ಮಾವನವರು ಎದ್ದು ಹೊರಟರು.

"ಹೊಲದಾಗ ನೋಡಿದ್ದು. ಆಮ್ಯಾಲ ಬರೀ ಕೇಳೇನಿ. ಒಮ್ಮಿ ಕಣ್ತುಂಬ ನೋಡ್ತೇನಿ."

ಅವರು ನಿಂತರು. ತಿರುಗಿ ಬಂದು ಅಂಗಳದ ನಡುವೆಯೇ ಕಲ್ಲು ಹೂಡಿದರು. ಬೇಲಿಯ ಮೇಲೆ ನೆರೆಮನೆಯವರ ತಲೆಗಳು ಸಾಲುಗಟ್ಟಿದವು. ಅತ್ತೆ ಮಣೆಯ ಮೇಲೆ ಕುಳಿತು, ಸೊಪ್ಪು ತೊಳೆಯುವುದನ್ನು, ಹೆಚ್ಚುವುದನ್ನು, ಎಣ್ಣೆ ಹೊಗೆಯಾಡುವುದನ್ನು, ಸಾಸಿವೆ ಹಾರುವುದನ್ನು ಒಂದೂ ತಪ್ಪಿಸದೆ ನೋಡಿದರು. ಮಾವನವರು ನಾಚಿಕೆಗೆ ಕಿವಿ ಕೆಂಪಾಗಿಸಿಕೊಂಡು, ದಂಡೆಗುಂಟ ಎಣ್ಣೆ ಸುತ್ತಿಸಿ ಸುರಿದು, ಶೇಂಗಾಪುಡಿ ಬೆರೆಸಿ, ಬೋಗುಣಿಯನ್ನು ಅವರ ಮುಂದಿಟ್ಟರು.

"ಎಲ್ಲಾ ಚಂದ ಕಾಣ್ತದೇನು?" ಎಂದರು, ಅಷ್ಟು ಮೆಲ್ಲಗೆ ಅವರು ಮಾತಾಡಬಲ್ಲರೆಂದು ನಮಗೆ ಗೊತ್ತೇ ಇರಲಿಲ್ಲ.

"ಕಾಣ್ತದ್ರಿ, ಎಲ್ಲಾ ಸ್ವಚ್ಛ ಕಾಣ್ತದ" ಎಂದರು ಅತ್ತೆ. "ಉಪ್ಪು ಹಾಕೂದು ಮರ್ತೀರಿ."